ಆಯುಷ್ಯ ಕೊಡಲಾಗದು, ಅರ್ಧ ಗಂಟೆ ಕೊಡೋಣ

ಮುಂಬಯಿ ಉಪನಗರದ ನಮ್ಮ ಭಜನಾ ಮಂಡಳಿಯಲ್ಲಿ ಪ್ರತಿ ಶನಿವಾರ ತಪ್ಪದೆ ತಾಳ ಹಿಡಿಯುತ್ತಿದ್ದ ಹಿರಿಯ ಸದಸ್ಯರೊಬ್ಬರು ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದು ಮೂರು ತಿಂಗಳಾಯಿತು. ಅವರ ಹೆಸರಿನಲ್ಲಿ ವಿಶೇಷ ಪೂಜೆ ಮಾಡಿಸಿದ ನಾವು, ನೋಡಲು ಹೋಗುವುದನ್ನು ಮಾತ್ರ ಮುಂದೂಡುತ್ತಲೇ ಬಂದೆವು. ಡ್ಯೂಟಿ, ಲೋಕಲ್ ಟ್ರೈನಿನ ನೂಕುನುಗ್ಗಲು ಎಲ್ಲವೂ ನೆಪ. ಎದುರು ಕುಳಿತು ಏನು ಮಾತಾಡುವುದೆಂಬ ಅಂಜಿಕೆಯೇ ನಿಜವಾದ ಕಾರಣ.

ಕಳೆದ ಭಾನುವಾರ ಮೂವರು ಪ್ರಸಾದ ಹಿಡಿದು ಅವರ ಮನೆಗೆ ಹೋದೆವು. "ಎಲ್ಲ ಸರಿಹೋಗುತ್ತದೆ" ಎಂದು ನಾನು ಶುರು ಮಾಡಿದೆ. ಅವರು ಕೈಸನ್ನೆಯಿಂದಲೇ ತಡೆದು, "ಅದು ಬಿಡಿ ಮಾರಾಯ್ರೆ, ತಾಳ ಈಗ ಯಾರು ಹಿಡಿಯುತ್ತಾರೆ?" ಎಂದರು. ಹುಡುಗನೊಬ್ಬ ಕಲಿಯುತ್ತಿದ್ದಾನೆ, ಲಯ ತಪ್ಪುತ್ತಾನೆ ಎಂದಾಗ ನಕ್ಕರು. ಮೆಲುದನಿಯಲ್ಲಿ ಒಂದು ದೇವರನಾಮ ಹಾಡಿದೆವು. ಹೊದಿಕೆಯ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು. ರಾತ್ರಿಯೆಲ್ಲ ಎಚ್ಚರವಿದ್ದ ಅವರ ಪತ್ನಿ ಅಷ್ಟು ಹೊತ್ತು ಒಳಗೆ ಮಲಗಿ ನಿದ್ದೆ ಮಾಡಿದರು.

18ನೇ ಶತಮಾನದ ಹರಿದಾಸರಾದ ಗೋಪಾಲದಾಸರು ವ್ಯಾಧಿಪೀಡಿತ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದರೆಂಬುದು ದಾಸ ಪರಂಪರೆಯ ನಂಬಿಕೆ. ಅಷ್ಟು ನಮ್ಮಿಂದಾಗದು. ವಾರಕ್ಕೆ ಅರ್ಧ ಗಂಟೆಯಾದರೂ ಆದೀತು.

ಈಗ ಮಂಡಳಿಯಲ್ಲಿ ಇಬ್ಬಿಬ್ಬರಂತೆ ಸರದಿ ಹಾಕಿಕೊಂಡಿದ್ದೇವೆ. ಹೋಗುವ ಮುನ್ನ ಮನೆಯವರಿಗೆ ಫೋನ್ ಮಾಡಬೇಕು. ಔಷಧದ ಬಗ್ಗೆ ಉಪದೇಶ ಬೇಡ. ಅವರು ದಣಿದರೆ ಸುಮ್ಮನೆ ಕುಳಿತು ಎದ್ದು ಬರಬೇಕು. ನಮ್ಮ ಸಂಘ-ಸಂಸ್ಥೆಗಳ ಬಂಧುಗಳೂ ಇದನ್ನು ಯೋಚಿಸಬಹುದು.

ಮುಂದಿನ ಭಾನುವಾರದ ಸರದಿ ಆ ಹುಡುಗನದು. ತಾಳದೊಂದಿಗೆ ಬರಬೇಕೆಂದು ಅವರೇ ಹೇಳಿಕಳುಹಿಸಿದ್ದಾರೆ, ಲಯ ತಿದ್ದಬೇಕಂತೆ.