ಮಾದರಿ ತೂಗುವ ಡಿಜಿಟಲ್ ತಕ್ಕಡಿ: ಅಣಿಗೊಳಿಸುವ ಕ್ರಮ

ಚೆರಿ ಕಾಫಿಯ ಬೆಲೆ ನಿಂತಿರುವುದು ಔಟ್‌ಟರ್ನ್ ಮೇಲೆ ಎಂಬುದು ಬೆಳೆಗಾರ ಬಂಧುಗಳಿಗೆ ತಿಳಿದ ವಿಷಯ. 50 ಕಿಲೋ ಚೀಲದಲ್ಲಿ 26 ಕಿಲೋ ಬೇಳೆ ದೊರೆತರೆ ಔಟ್‌ಟರ್ನ್ 26. ಇದನ್ನೇ ನಾವು 100 ಗ್ರಾಂ ಮಾದರಿಯಲ್ಲಿ ನೋಡಿದರೆ 52 ಗ್ರಾಂ ಬೇಳೆ ಬರಬೇಕು. ಬೇಳೆ ತೂಗುವಾಗ ತಕ್ಕಡಿ 1 ಗ್ರಾಂ ಕಡಿಮೆ ತೋರಿಸಿತೆಂದರೆ ಚೀಲವೊಂದಕ್ಕೆ ಅರ್ಧ ಕಿಲೋ, 100 ಚೀಲಕ್ಕೆ 50 ಕಿಲೋ ಬೇಳೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಈ ಕೆಲಸಕ್ಕೆ 0.1 ಗ್ರಾಂವರೆಗೆ ತೋರಿಸುವ ತಕ್ಕಡಿ ಸಾಕು. ಅದನ್ನು ಅಣಿಗೊಳಿಸುವ ಕ್ರಮ ಹೀಗಿದೆ:

1. ಅಲುಗಾಡದ ಕಲ್ಲಿನ ಚಪ್ಪಡಿಯ ಮೇಲಿಟ್ಟು, ಕಾಲಿನ ತಿರುಪುಗಳಿಂದ ಮಟ್ಟದ ಗುಳ್ಳೆಯನ್ನು ನಡುವಿಗೆ ತರಬೇಕು.

2. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಬೇಕು. ಗಾಳಿ ತಟ್ಟೆಯನ್ನು ಒತ್ತಿದರೆ ಅಂಕಿ ನಿಲ್ಲದು.

3. ಚಾಲೂ ಮಾಡಿ ಅರ್ಧ ಗಂಟೆ ಬಿಡಬೇಕು. ಒಳಗಿನ ಲೋಡ್ ಸೆಲ್ ಕಾವು ಬದಲಾದಂತೆ ಅಂಕಿಯೂ ಸರಿಯುತ್ತದೆ.

4. ಖಾಲಿ ತಟ್ಟೆಯಲ್ಲಿ ಸೊನ್ನೆ ತಂದು, ಕೈಪಿಡಿ ಹೇಳಿದ ಪ್ರಮಾಣಿತ ತೂಕದ ಬಟ್ಟನ್ನು ಚಿಮಟದಿಂದ ಇಟ್ಟು ಸರಿಹೊಂದಿಸಬೇಕು. ನಾಣ್ಯ ಬಟ್ಟಾಗದು.

5. ಅದೇ ಬಟ್ಟನ್ನು ತಟ್ಟೆಯ ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡಬೇಕು. ಅಂಕಿ ಒಂದೇ ಇರಬೇಕು.

ಕಣದಿಂದ ಬಿಸಿಯಾಗಿ ತಂದ ಮಾದರಿಯನ್ನು ಆರಿದ ಮೇಲೆಯೇ ತೂಗುವುದು ಲೇಸು.

ಮನೆಯ ತಕ್ಕಡಿ ನಮ್ಮ ತಿಳುವಳಿಕೆಗೆ ಮಾತ್ರ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ವ್ಯಾಪಾರದ ತಕ್ಕಡಿಗೆ ಸರಕಾರಿ ಮುದ್ರೆ ಇರಲೇಬೇಕು. ಮಾರುವ ಮುನ್ನ ಆ ಮುದ್ರೆಯನ್ನು ಕೇಳಿ ನೋಡೋಣ. ನಮ್ಮ ಮನೆಯ ಲೆಕ್ಕವೂ ಕೈಯಲ್ಲಿರಲಿ.