ತಾಯಿಯ ಹಾಲೂ ಮನದ ನೆಮ್ಮದಿಯೂ

ಹಸು ಕರೆಯುವುದನ್ನು ಬಾಲ್ಯದಲ್ಲಿ ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಮೊದಲು ಕರುವನ್ನು ಕೆಚ್ಚಲಿಗೆ ಬಿಡುತ್ತಾರೆ. ಹಸು ತೊರೆ ಬಿಟ್ಟ ಮೇಲೆಯೇ ತಂಬಿಗೆಗೆ ಹಾಲಿನ ಧಾರೆ ಬೀಳುವುದು. ಅಪರಿಚಿತರು ಕೈ ಹಾಕಿದರೆ, ನಾಯಿ ಬೊಗಳಿ ಬೆದರಿಸಿದರೆ, ಕೆಚ್ಚಲು ತುಂಬಿದ್ದರೂ ಹಾಲು ಇಳಿಯದು. ಹಿರಿಯರು ಅನುಭವದಿಂದ ಅರಿತಿದ್ದ ಈ ಸತ್ಯದ ಹಿಂದೆ ಮಿದುಳು ಮತ್ತು ಹಾರ್ಮೋನುಗಳ ಸಹಕಾರವಿದೆ. ಮಾನವ ಮಾತೆಯೂ ಇದಕ್ಕೆ ಹೊರತಲ್ಲ.

ಶಿಶು ಮೊಲೆಯನ್ನು ಚೀಪಿದೊಡನೆ ಆ ಸುದ್ದಿಯು ನರಗಳ ಮೂಲಕ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವನ್ನು ಮುಟ್ಟುತ್ತದೆ. ಅಲ್ಲಿ ತಯಾರಾದ ಆಕ್ಸಿಟೋಸಿನ್ ಎಂಬ ಹಾರ್ಮೋನು, ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರಿ, ಸ್ತನದೊಳಗಿನ ಸ್ನಾಯುವಿನಂತಹ ಸೂಕ್ಷ್ಮ ಕೋಶಗಳನ್ನು ಸಂಕುಚಿಸಿ ಹಾಲನ್ನು ಹೊರದೂಡುತ್ತದೆ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಕೆಚ್ಚಲಿನ ಅರ್ಧಭಾಗದ ನರಗಳನ್ನು ಕತ್ತರಿಸಿ ಪರೀಕ್ಷಿಸಿದರು. ಆ ಭಾಗದಲ್ಲೂ ಹಾಲು ಇಳಿಯಿತು. ಮಿದುಳಿನ ಆಜ್ಞೆಯನ್ನು ಕೆಚ್ಚಲಿಗೆ ತಲುಪಿಸುವುದು ರಕ್ತವೆಂಬುದು ಇದರಿಂದ ಸ್ಪಷ್ಟವಾಯಿತು. ಹಸುವನ್ನು ಬೆದರಿಸಿದಾಗಲಾದರೋ ಹಾಲು ತಡೆಹಿಡಿಯಲ್ಪಟ್ಟಿತು. ಭಯ, ಕಳವಳಗಳು ಆಕ್ಸಿಟೋಸಿನ್ನಿನ ಸ್ರಾವವನ್ನು ಕುಗ್ಗಿಸುತ್ತವೆ. ಆಗ ಹೊಮ್ಮುವ ಅಡ್ರಿನಲಿನ್ ಅದರ ಕಾರ್ಯಕ್ಕೆ ಅಡ್ಡಬರುತ್ತದೆ.

ಹಾಲನ್ನು ಉತ್ಪಾದಿಸುವ ಹೊಣೆ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನಿನದು. ಪಿಟ್ಯುಟರಿಯ ಮುಂಭಾಗದಿಂದ ಹೊರಡುವ ಇದನ್ನು ಹೈಪೋಥಲಾಮಸ್ ಸದಾ ಹಿಡಿತದಲ್ಲಿಟ್ಟಿರುತ್ತದೆ. ಕೂಸು ಚೀಪಿದಾಗ ಆ ಹಿಡಿತ ಸಡಿಲುತ್ತದೆ. ಆದ್ದರಿಂದ ತಾಯಿಯ ಹಾಲೆಂಬುದು, ತೆಗೆದಷ್ಟೂ ಜಮೆ ಬೆಳೆಯುವ ಅಪರೂಪದ ಖಾತೆ.

ಪುಣೆಯ ಕನ್ನಡ ಸಂಸಾರಗಳಲ್ಲಿ ಬಾಣಂತನವು ತವರಿನಲ್ಲಾಗದೆ ಇಲ್ಲಿಯೇ ನಡೆಯುವುದುಂಟು. ನಿದ್ದೆಗೆಟ್ಟ ತಾಯಿ, ಅಳುವ ಕೂಸು, ನೆರವಿಗೆ ಹಿರಿಯರಿಲ್ಲದ ಎರಡು ಕೋಣೆಯ ಮನೆ. ಇಷ್ಟು ಸಾಲದೆಂಬಂತೆ, “ನಿನಗೆ ಹಾಲು ಸಾಲದೇನೋ” ಎಂಬ ಬಂಧುಗಳ ಸಂಶಯ. ಈ ಮಾತಿನಿಂದ ಹುಟ್ಟಿದ ಆತಂಕವೇ ಹಾಲಿನ ಹರಿವನ್ನು ತಡೆಯಬಲ್ಲದು. ಅನಂತರ ಅಗತ್ಯವಿಲ್ಲದೆಯೇ ಹಾಲುಪುಡಿಯ ಡಬ್ಬಿ ತೆರೆದರೆ, ಕೂಸು ಚೀಪುವುದು ಕಡಿಮೆಯಾಗಿ, ಪ್ರೊಲ್ಯಾಕ್ಟಿನ್ ತಗ್ಗಿ, ಸುಳ್ಳು ಸಂಶಯವೇ ನಿಜವಾಗುತ್ತದೆ.

ಹುಟ್ಟಿದ ಮೊದಲ ಗಂಟೆಯೊಳಗೇ ಎದೆಹಾಲನ್ನು ಆರಂಭಿಸಿ, 6 ತಿಂಗಳು ಅದನ್ನೊಂದೇ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸಿನ ತೂಕ ಏರದಿದ್ದರೆ, ಮೂತ್ರ ಕಡಿಮೆಯಾದರೆ, ಅಥವಾ ತಾಯಿಯ ಮಂಕು ದಿನಗಳೆದರೂ ಹೋಗದಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಅವಧಿಗೆ ಮುನ್ನ ಹುಟ್ಟಿದ ದುರ್ಬಲ ಶಿಶುಗಳಿಗಾಗಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕೂ ಇದೆ.

ಕರುವನ್ನು ಬಿಟ್ಟು, ಹಸುವಿನ ಮೈ ಸವರಿ, ಸದ್ದಿಲ್ಲದೆ ಕಾಯುವ ತಾಳ್ಮೆ ಹಿರಿಯರಲ್ಲಿತ್ತು. ಕೊಟ್ಟಿಗೆಯ ಹಸುವಿಗೆ ಸಲ್ಲುತ್ತಿದ್ದ ಆ ತಾಳ್ಮೆಯನ್ನು ಮನೆಯ ಬಾಣಂತಿಗೂ ಸಲ್ಲಿಸುವುದು ಪತಿಯ, ಅತ್ತೆಮಾವಂದಿರ ಹಾಗೂ ನೆರೆಹೊರೆಯವರ ಕರ್ತವ್ಯವಲ್ಲವೇ?