ನರ್ಸಿಂಗ್ ಅಸಿಸ್ಟೆಂಟ್ ತರಬೇತಿ: ಮೊದಲು ಸಿಗುವುದು ಸಿರಿಂಜ್ ಅಲ್ಲ, ಬೆಡ್‌ಪ್ಯಾನ್

"ಮಗಳು ನರ್ಸಿಂಗ್‌ಗೆ ಸೇರಿದ್ದಾಳೆ" ಎಂದು ಉಮ್ಮ ಕುಟುಂಬದವರಿಗೆಲ್ಲ ಹೇಳಿಯಾಗಿರುತ್ತದೆ. ಹೊಸ ಕೋಟು ಹಾಕಿಕೊಂಡು ಖುಷಿಯಿಂದ ವಾರ್ಡಿಗೆ ಹೋದ ಹುಡುಗಿ ಸಂಜೆ ಬಂದು ಬ್ಯಾಗ್ ಎಸೆದು ಅಳುತ್ತಾಳೆ. "ಉಮ್ಮಾ, ಇವತ್ತು ನನ್ನ ಕೈಗೆ ಕೊಟ್ಟದ್ದು ಬೆಡ್‌ಪ್ಯಾನ್!" ಉಮ್ಮನಿಗೂ ಬೇಸರ. "ನಾಳೆಯಿಂದ ಹೋಗ್ಲಿಕ್ಕೆ ಬೇಡ ಬಿಡು" ಎನ್ನುತ್ತಾರೆ. ಅಲ್ಲಿಗೆ ತರಬೇತಿ ಮುಗಿಯಿತು.

ತಪ್ಪು ಹುಡುಗಿಯದ್ದಲ್ಲ. ಅಲ್ಲಿ ಏನಿರುತ್ತದೆ ಎಂದು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಇದು ಯಾವ ಕೋರ್ಸ್?

ನರ್ಸಿಂಗ್ ಅಸಿಸ್ಟೆಂಟ್ ಅಂದರೆ ನರ್ಸ್ ಅಲ್ಲ, ನರ್ಸ್‌ಗೆ ಸಹಾಯಕಿ. ಸರಕಾರದ ಕೌಶಲ ತರಬೇತಿಯಲ್ಲಿ ಇದಕ್ಕೆ 'ಜನರಲ್ ಡ್ಯೂಟಿ ಅಸಿಸ್ಟೆಂಟ್' (ಜಿಡಿಎ) ಎಂದು ಹೆಸರು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದನ್ನು ಉಚಿತವಾಗಿ ಕಲಿಸಲಾಗಿದೆ. ಖಾಸಗಿ ಸಂಸ್ಥೆಗಳು ಶುಲ್ಕ ಪಡೆದು ಕಲಿಸುತ್ತವೆ. ಕೆಲವು ತಿಂಗಳು ತರಗತಿ, ಆಮೇಲೆ ಆಸ್ಪತ್ರೆಯಲ್ಲಿ ಪ್ರಾಯೋಗಿಕ ತರಬೇತಿ. ಗಂಡು ಮಕ್ಕಳೂ ಸೇರಬಹುದು. ಪುರುಷ ರೋಗಿಗಳ ಆರೈಕೆಗೆ ಅವರ ಅಗತ್ಯ ಇದ್ದೇ ಇದೆ.

ನರ್ಸ್ ಆಗಬೇಕಿದ್ದರೆ ದಾರಿ ಬೇರೆ. ಎಎನ್‌ಎಂಗೆ 2 ವರ್ಷ, ಜಿಎನ್‌ಎಂಗೆ 3 ವರ್ಷ, ಬಿಎಸ್ಸಿ ನರ್ಸಿಂಗ್‌ಗೆ 4 ವರ್ಷ. ಬಳಿಕ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಕೆಲವು ತಿಂಗಳ ಸರ್ಟಿಫಿಕೇಟ್ ಇಟ್ಟುಕೊಂಡು ಗಲ್ಫ್‌ನಲ್ಲಿ ನರ್ಸ್ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ನರ್ಸ್ ಆಗಲು ಲೈಸೆನ್ಸ್ ಬೇಕು. ಈ ಸರ್ಟಿಫಿಕೇಟ್‌ಗೆ ಅದು ಸಿಗದು.

ಏನು ಕಲಿಸುತ್ತಾರೆ?

ಮೊದಲ ಪಾಠ ಕೈ ತೊಳೆಯುವುದು. ನಗಬೇಡಿ. ಸೋಪು ಹಾಕಿ 40ರಿಂದ 60 ಸೆಕೆಂಡು, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಎಲ್ಲ ತೊಳೆಯಬೇಕು. ಒಬ್ಬ ರೋಗಿಯನ್ನು ಮುಟ್ಟುವ ಮೊದಲೂ, ಮುಟ್ಟಿದ ಮೇಲೂ.

ನಂತರ ರೋಗಿ ಮಲಗಿರುವಾಗಲೇ ಹಾಸಿಗೆ ಬಟ್ಟೆ ಬದಲಿಸುವುದು, ಮೈ ಒರೆಸುವುದು, ಬಾಯಿ ಸ್ವಚ್ಛ ಮಾಡುವುದು, ಊಟ ಮಾಡಿಸುವುದು, ಜ್ವರ, ನಾಡಿ, ಬಿಪಿ ನೋಡಿ ಬರೆದಿಡುವುದು. ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100 ಇರಬೇಕು. ಹೆಚ್ಚುಕಮ್ಮಿ ಕಂಡರೆ ತಕ್ಷಣ ನರ್ಸ್‌ಗೆ ತಿಳಿಸಬೇಕು. ಸ್ವಂತ ತೀರ್ಮಾನಕ್ಕೆ ಇಲ್ಲಿ ಜಾಗವಿಲ್ಲ. ಇಂಜೆಕ್ಷನ್ ಕೊಡುವುದು, ಮದ್ದು ಬದಲಿಸುವುದು ಅಸಿಸ್ಟೆಂಟ್ ಕೆಲಸವೇ ಅಲ್ಲ.

ಕಸಕ್ಕೂ ಪಾಠವಿದೆ. ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಟ್ಯೂಬ್ ಕೆಂಪಿಗೆ, ಗಾಜಿನ ಬಾಟಲಿ ನೀಲಿ ಡಬ್ಬಕ್ಕೆ, ಸೂಜಿ ತೂತಾಗದ ಬಿಳಿ ಡಬ್ಬಕ್ಕೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಲೇಬಾರದು. ವಾರ್ಡಿಗೆ ಇಳಿಯುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿಕೊಳ್ಳಿ. ಮೂರು ಡೋಸ್ ಮುಗಿಯಲು 6 ತಿಂಗಳು ಬೇಕು.

ಮನೆಯಲ್ಲಿ ಮೊದಲೇ ಮಾತಾಡಿ

ಬಳೆ, ಉಂಗುರ, ಉದ್ದ ಉಗುರು ವಾರ್ಡಿಗೆ ಹೊಂದುವುದಿಲ್ಲ. ಕೆಲಸದ ಹೊತ್ತಿಗೆ ತೋಳು ಮೇಲೆ ಮಡಚಬೇಕಾಗುತ್ತದೆ. ತಲೆವಸ್ತ್ರದ ತುದಿ ರೋಗಿಯ ಮೇಲೆ ಜೋಲದಂತೆ ಒಳಗೆ ಸಿಕ್ಕಿಸಬೇಕು. ಸಮವಸ್ತ್ರದ ನಿಯಮ, ನಮಾಝಿಗೆ ಬಿಡುವು, ರಾತ್ರಿ ಡ್ಯೂಟಿ, ಪುರುಷರ ವಾರ್ಡ್, ಇದೆಲ್ಲವನ್ನು ಸೇರುವ ದಿನವೇ ಕೇಳಿ ತಿಳಿದುಕೊಳ್ಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ. ನಡುವೆ ಬಿಟ್ಟು ಬಂದರೆ ನಷ್ಟ ಮಗಳಿಗೇ. ರಾತ್ರಿ ಡ್ಯೂಟಿ ಮುಗಿಸಿ ಬಂದವಳಿಗೆ ಹಗಲು ನಿದ್ದೆ ಬೇಕು. ಬಂದ ಕೂಡಲೇ ಅಡುಗೆ ಮನೆಗೆ ಕರೆಯಬಾರದು.

ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಸರ್ಟಿಫಿಕೇಟ್ ಕೊಡುವವರು ಯಾರು? ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ? ಒಟ್ಟು ಶುಲ್ಕ ಎಷ್ಟು, ರಶೀದಿ ಕೊಡುತ್ತಾರಾ? ಹಿಂದಿನ ಬ್ಯಾಚಿನ ಮಕ್ಕಳು ಈಗ ಎಲ್ಲಿದ್ದಾರೆ? ಸಾಧ್ಯವಾದರೆ ಆ ಮಕ್ಕಳಲ್ಲಿ ಒಬ್ಬರ ಜೊತೆ ಮಾತಾಡಿ.

ಬೆಡ್‌ಪ್ಯಾನಿನ ಆಚೆಗೆ

ಪಾರ್ಶ್ವವಾಯು ಬಡಿದ ಅಜ್ಜಿ ಇರುವ ಮನೆಯನ್ನು ನೆನೆಯಿರಿ. ಅಂಗಿ ತೊಡಿಸುವಾಗ ಬಲವಿಲ್ಲದ ಕೈಯನ್ನು ಮೊದಲು ತೂರಿಸಬೇಕು, ತೆಗೆಯುವಾಗ ಸರಿ ಇರುವ ಕೈಯನ್ನು ಮೊದಲು ಬಿಡಿಸಬೇಕು. ಗೊತ್ತಿಲ್ಲದವರು ಎಳೆದಾಡುತ್ತಾರೆ, ಅಜ್ಜಿ ನೋವಿನಿಂದ ಕೂಗುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣು ಏಳುತ್ತದೆ. ಮಲಗಿದ್ದಲ್ಲೇ ಗಂಜಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ತಲೆ ಎತ್ತರಿಸಿ ಕೂರಿಸಿ ಕುಡಿಸಬೇಕು, ಕುಡಿಸಿ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು.

ನಮ್ಮ ಮನೆಗಳಲ್ಲಿ ಸೊಸೆಯಂದಿರು, ಹೆಣ್ಣು ಮಕ್ಕಳು ಈ ಆರೈಕೆಯನ್ನು ಯಾರೂ ಕಲಿಸದೆ ಮಾಡುತ್ತಾ ಬಂದಿದ್ದಾರೆ. ಅದನ್ನೇ ಸರಿಯಾಗಿ ಕಲಿತು, ಸಂಬಳ ಪಡೆದು ಮಾಡುವುದು ಕೀಳು ಹೇಗಾದೀತು? ಈ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ, ನಿಜ. ಒಗ್ಗದಿದ್ದರೆ ಬಿಡಬಹುದು. ಆದರೆ ಮೊದಲ ದಿನದ ಅಳುವಿಗೆ ಹೆದರಿ ಬಿಡುವುದು ಬೇಡ.

ಆ ಸಂಜೆ ಮಗಳು ಅಳುತ್ತಾ ಬಂದಾಗ ಒಂದು ಗ್ಲಾಸ್ ಚಾ ಕೊಟ್ಟು ಕೇಳಿ: "ಆ ಅಜ್ಜಿಗೆ ಈಗ ಹೇಗುಂಟು ಮಗಳೇ?"